ಮಾನಿಟರ್ ಇಲ್ಲದ ಡೆಸ್ಕ್‌ಟಾಪ್‌ಗೆ ಟ್ಯಾಬ್ಲೆಟ್ ಸ್ಕ್ರೀನ್: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕಡೆ ಮಾನಿಟರ್ ಇಲ್ಲದ ಡೆಸ್ಕ್‌ಟಾಪ್, ಇನ್ನೊಂದು ಕಡೆ ಒಳ್ಳೆಯ ಸ್ಕ್ರೀನ್ ಇರುವ ಟ್ಯಾಬ್ಲೆಟ್. ಎರಡನ್ನೂ ಸೇರಿಸಿದರೆ ಕೆಲಸ ಮುಗೀತಲ್ವಾ ಅಂತ ಅನ್ನಿಸುವುದು ಸಹಜ. ಸೇರಿಸಬಹುದು. ಆದರೆ ಯಾವ ದಾರಿ ಹಿಡಿಯಬೇಕು ಅನ್ನುವುದು ನಿಮಗೆ ಏನನ್ನು ನೋಡಬೇಕಾಗಿದೆ ಅನ್ನುವುದರ ಮೇಲೆ ಹೋಗುತ್ತದೆ.

ಡೆಸ್ಕ್‌ಟಾಪಿನ ಎಚ್‌ಡಿಎಂಐ ಕೇಬಲನ್ನು ನೇರವಾಗಿ ಟ್ಯಾಬ್ಲೆಟ್‌ಗೆ ಹಾಕಿದರೆ ಆಗಲ್ವಾ?

ಆಗುವುದಿಲ್ಲ. ಟ್ಯಾಬ್ಲೆಟ್‌ನ ಯುಎಸ್‌ಬಿ-ಸಿ ಪೋರ್ಟಿನಿಂದ ಚಿತ್ರ ಹೊರಗೆ ಹೋಗಬಹುದು, ಒಳಗೆ ಬರುವುದಿಲ್ಲ. ಯುಎಸ್‌ಬಿ-ಸಿ ಟು ಎಚ್‌ಡಿಎಂಐ ಅಂತ ಸಿಗುವ ಅಡಾಪ್ಟರ್‌ಗಳೆಲ್ಲ ಟ್ಯಾಬ್ಲೆಟನ್ನು ಟಿವಿಗೆ ಜೋಡಿಸಲು ಇರುವಂಥವು. ಅವನ್ನು ತಿರುಗಿಸಿ ಹಾಕಿದರೆ ಏನೂ ಹಾಳಾಗುವುದಿಲ್ಲ, ಏನೂ ಕಾಣಿಸುವುದೂ ಇಲ್ಲ.

ಚಿತ್ರವನ್ನು ಒಳಗೆ ತೆಗೆದುಕೊಳ್ಳುವ ಟ್ಯಾಬ್ಲೆಟ್‌ಗಳು ಬೆರಳೆಣಿಕೆಯಷ್ಟಿವೆ. 2021ರಲ್ಲಿ ಬಂದ ಲೆನೊವೊ ಯೋಗಾ ಟ್ಯಾಬ್ 13ರಲ್ಲಿ ಇದಕ್ಕೆಂದೇ ಮೈಕ್ರೋ ಎಚ್‌ಡಿಎಂಐ ಪೋರ್ಟ್ ಇತ್ತು. ಅಂಥದ್ದು ನಿಮ್ಮ ಬಳಿ ಇದ್ದರೆ ಒಂದು ಕೇಬಲ್ ಸಾಕು, ಮುಂದಿನದ್ದನ್ನು ಓದುವ ಕಷ್ಟವೇ ಬೇಡ.

ಹಾಗಾದರೆ ಇರುವ ದಾರಿಗಳು ಯಾವುವು?

ಎರಡು. ಒಂದು, ಕ್ಯಾಪ್ಚರ್ ಕಾರ್ಡ್. ಇದು ಎಚ್‌ಡಿಎಂಐ ಚಿತ್ರವನ್ನು ವೆಬ್‌ಕ್ಯಾಮ್ ವಿಡಿಯೋ ಥರ ಮಾಡಿ ಟ್ಯಾಬ್ಲೆಟ್‌ಗೆ ಕೊಡುತ್ತದೆ. ಇನ್ನೊಂದು, ನೆಟ್‌ವರ್ಕ್. ಡೆಸ್ಕ್‌ಟಾಪಿನಲ್ಲಿ ಓಡುವ ಒಂದು ಪ್ರೋಗ್ರಾಂ ತನ್ನ ಸ್ಕ್ರೀನನ್ನು ವೈಫೈ ಮೂಲಕ ಕಳಿಸುತ್ತದೆ, ಟ್ಯಾಬ್ಲೆಟ್‌ನ ಆ್ಯಪ್ ಅದನ್ನು ತೋರಿಸುತ್ತದೆ.

ಯಾವುದನ್ನು ಆರಿಸಬೇಕು ಅನ್ನುವುದಕ್ಕೆ ನನ್ನದು ಒಂದೇ ಪ್ರಶ್ನೆ: ಆಪರೇಟಿಂಗ್ ಸಿಸ್ಟಮ್ ಶುರುವಾಗುವ ಮೊದಲು ಏನಾಗುತ್ತಿದೆ ಅಂತ ನೀವು ನೋಡಬೇಕಾ? ಬಯಾಸ್ (ಯಂತ್ರ ಆನ್ ಆದಾಗ ಮೊದಲು ಓಡುವ ಮದರ್‌ಬೋರ್ಡಿನ ಪ್ರೋಗ್ರಾಂ), ವಿಂಡೋಸ್ ಅಥವಾ ಲಿನಕ್ಸ್ ಇನ್‌ಸ್ಟಾಲ್, ಬೂಟ್ ಆಗದೆ ನಿಂತ ಯಂತ್ರ, ಇದೆಲ್ಲ ಕ್ಯಾಪ್ಚರ್ ಕಾರ್ಡಿನ ಕೆಲಸ. ಆಗ ನೆಟ್‌ವರ್ಕ್ ಇನ್ನೂ ಎದ್ದೇ ಇರುವುದಿಲ್ಲ, ಯಾವ ರಿಮೋಟ್ ಆ್ಯಪ್ ಕೂಡ ನೆರವಿಗೆ ಬರುವುದಿಲ್ಲ. ಎಲ್ಲ ಸರಿಯಾಗಿ ಓಡುತ್ತಿರುವ ಯಂತ್ರದಲ್ಲಿ ದಿನವೂ ಕೆಲಸ ಮಾಡಬೇಕು ಅಂದರೆ ನೆಟ್‌ವರ್ಕ್ ದಾರಿಯೇ ಎಷ್ಟೋ ಮೇಲು. ಬಹಳ ಜನ ಇವೆರಡರಲ್ಲಿ ಒಂದನ್ನೇ ಹಿಡಿದು ಎರಡೂ ಕೆಲಸ ಮಾಡಿಸಲು ಹೋಗಿ ಸೋಲುತ್ತಾರೆ. ದಿನದ ಕೆಲಸಕ್ಕೆ ನೆಟ್‌ವರ್ಕ್ ಇರಲಿ, ಡ್ರಾಯರ್‌ನಲ್ಲಿ ಒಂದು ಕ್ಯಾಪ್ಚರ್ ಕಾರ್ಡ್ ಬಿದ್ದಿರಲಿ.

ಕ್ಯಾಪ್ಚರ್ ಕಾರ್ಡ್ ಹೇಗೆ ಜೋಡಿಸುವುದು?

ಡೆಸ್ಕ್‌ಟಾಪಿನಿಂದ ಎಚ್‌ಡಿಎಂಐ ಕೇಬಲ್ ಕಾರ್ಡಿಗೆ, ಕಾರ್ಡಿನ ಯುಎಸ್‌ಬಿ ಟ್ಯಾಬ್ಲೆಟ್‌ಗೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲನ್ನು ಅದಕ್ಕೇ ಹಾಕಿ, ಮದರ್‌ಬೋರ್ಡಿನ ಪೋರ್ಟಿಗಲ್ಲ. ‘ನೋ ಸಿಗ್ನಲ್’ ಅಂತ ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ. ಡಿಸ್‌ಪ್ಲೇಪೋರ್ಟ್ ಮಾತ್ರ ಇದ್ದರೆ, ಅಥವಾ ಹಳೆಯ ಯಂತ್ರದಲ್ಲಿ ವಿಜಿಎ ಮಾತ್ರ ಇದ್ದರೆ, ಮಧ್ಯೆ ಒಂದು ಕನ್ವರ್ಟರ್ ಬೇಕು.

ಟ್ಯಾಬ್ಲೆಟ್ ಕಡೆ ಎರಡು ವಿಷಯ. ಕಾರ್ಡ್ ಯುವಿಸಿ ಬಗೆಯದ್ದಾಗಿರಬೇಕು, ಅಂದರೆ ಡ್ರೈವರ್ ಇಲ್ಲದೆ ವೆಬ್‌ಕ್ಯಾಮ್ ಥರ ನಡೆಯುವಂಥದ್ದು. ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ಓಟಿಜಿ (ಯುಎಸ್‌ಬಿ ಸಾಧನಗಳನ್ನು ಟ್ಯಾಬ್ಲೆಟ್‌ಗೆ ಹಾಕುವ ಸೌಲಭ್ಯ) ಇರಬೇಕು, ಜೊತೆಗೆ ಯುಎಸ್‌ಬಿ ಕ್ಯಾಮೆರಾ ತೋರಿಸುವ ಒಂದು ಆ್ಯಪ್ ಹಾಕಿಕೊಳ್ಳಬೇಕು. ಅಂಥವು ಪ್ಲೇ ಸ್ಟೋರ್‌ನಲ್ಲಿ ಹಲವು ಇವೆ. ಆ್ಯಪ್ ಕ್ಯಾಮೆರಾ ಅನುಮತಿ ಕೇಳಿದರೆ ಗಾಬರಿ ಬೇಡ. ಅದರ ಪಾಲಿಗೆ ನಿಮ್ಮ ಡೆಸ್ಕ್‌ಟಾಪೇ ಒಂದು ಕ್ಯಾಮೆರಾ.

ಐಪ್ಯಾಡ್‌ನಲ್ಲಿ ನಡೆಯುತ್ತದಾ?

ಯುಎಸ್‌ಬಿ-ಸಿ ಇರುವ ಐಪ್ಯಾಡ್ ಆಗಿದ್ದು, 2023ರಲ್ಲಿ ಬಂದ ಐಪ್ಯಾಡ್‌ಓಎಸ್ 17 ಅಥವಾ ಅದಕ್ಕಿಂತ ಹೊಸದು ಇದ್ದರೆ ನಡೆಯುತ್ತದೆ. ಹೊರಗಿನ ಯುವಿಸಿ ಕ್ಯಾಮೆರಾಗಳಿಗೆ ಆ್ಯಪಲ್ ಬಾಗಿಲು ತೆರೆದದ್ದೇ ಆ ಆವೃತ್ತಿಯಲ್ಲಿ. ಓರಿಯಾನ್ ಅನ್ನುವ ಆ್ಯಪ್ ಈ ಕೆಲಸಕ್ಕೆಂದೇ ಬಂದದ್ದು. ಲೈಟ್ನಿಂಗ್ ಪೋರ್ಟಿನ ಐಪ್ಯಾಡ್‌ಗೆ ಈ ದಾರಿ ಇಲ್ಲ. ಅದಕ್ಕೆ ನೆಟ್‌ವರ್ಕೇ ಗತಿ.

ಕಾರ್ಡಿನ ಮೇಲೆ 4ಕೆ ಅಂತ ಬರೆದಿದೆ, ಆದರೆ ಅಕ್ಷರಗಳು ಮಸುಕು. ಯಾಕೆ?

ಅಗ್ಗದ ಕಾರ್ಡುಗಳಲ್ಲಿ 4ಕೆ ಅನ್ನುವುದು ಒಳಗೆ ಬರುವ ಚಿತ್ರದ ಲೆಕ್ಕ. ಹೊರಗೆ ಕೊಡುವುದು ಹೆಚ್ಚೆಂದರೆ 1920×1080, ಅದೂ ಸೆಕೆಂಡಿಗೆ 30 ಫ್ರೇಮ್. ಕಾರಣ ಯುಎಸ್‌ಬಿ 2.0ರ ವೇಗ. ಅದರ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ಒತ್ತಿ ಚಿಕ್ಕದು ಮಾಡದ (ಕಂಪ್ರೆಸ್ ಆಗದ) ಫುಲ್ ಎಚ್‌ಡಿ, ಅಂದರೆ 1920×1080 ಚಿತ್ರ 30 ಫ್ರೇಮಿನಲ್ಲೂ ಸುಮಾರು 1000 ಮೆಗಾಬಿಟ್ ಆಗುತ್ತದೆ. ಹಾಗಾಗಿ ಕಾರ್ಡ್ ಪ್ರತಿ ಫ್ರೇಮನ್ನೂ ಜೆಪೆಗ್ ಮಾಡಿ ಒತ್ತಿ ಕಳಿಸುತ್ತದೆ.

ಜೆಪೆಗ್ ಫೋಟೋಗಳಿಗೆ ಚೆನ್ನ, ಅಕ್ಷರಗಳಿಗೆ ಅಲ್ಲ. ಟರ್ಮಿನಲ್ ತೆರೆದು ಹತ್ತಿರದಿಂದ ನೋಡಿ. ಕಪ್ಪಿನ ಮೇಲೆ ಬಿಳಿ ಅಕ್ಷರ ಪರವಾಗಿಲ್ಲ ಅನ್ನುವಷ್ಟು ಚೊಕ್ಕವಾಗಿರುತ್ತದೆ. ನೀಲಿಯ ಮೇಲೆ ಕೆಂಪು ಅಕ್ಷರ ಬಂತೋ, ಅಂಚೆಲ್ಲ ಕದಡಿದ ಹಾಗೆ ಕಾಣುತ್ತದೆ. ಬೆಳಕಿನ ವಿವರವನ್ನು ಉಳಿಸಿಕೊಂಡು ಬಣ್ಣದ ವಿವರವನ್ನು ಅರ್ಧಕ್ಕರ್ಧ ಬಿಟ್ಟಿರುತ್ತದೆ, ಅದಕ್ಕೇ ಹೀಗೆ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ 1920×1080 ಆರಿಸಿದೆಯಾ ಅಂತಲೂ ನೋಡಿ. ಎಷ್ಟೋ ಆ್ಯಪ್‌ಗಳು ತಾವಾಗಿಯೇ 640×480ಕ್ಕೆ ಹೋಗಿ ಕೂತಿರುತ್ತವೆ.

ಯುಎಸ್‌ಬಿ 3.0 ಕಾರ್ಡ್ ಆದರೆ ಒತ್ತದ ಚಿತ್ರವೇ ಬರಬಹುದು, 60 ಫ್ರೇಮ್ ಕೂಡ ಸಾಧ್ಯ. ಆದರೆ ಟ್ಯಾಬ್ಲೆಟ್‌ನ ಪೋರ್ಟ್ ಕೂಡ 3.0 ಇರಬೇಕು. ಯುಎಸ್‌ಬಿ-ಸಿ ಆಕಾರ ಇದ್ದ ಮಾತ್ರಕ್ಕೆ ಆ ವೇಗ ಇರುತ್ತದೆ ಅಂತ ಇಲ್ಲ. ಬಯಾಸ್ ನೋಡಲು, ಇನ್‌ಸ್ಟಾಲ್ ಮಾಡಲು ಅಗ್ಗದ ಕಾರ್ಡೇ ಸಾಕು. ಜಾಸ್ತಿ ಖರ್ಚು ಮಾಡಬೇಡಿ.

ಸ್ಕ್ರೀನ್ ಮುಟ್ಟಿದರೆ ಮೌಸ್ ಓಡಬೇಕಲ್ವಾ?

ಕ್ಯಾಪ್ಚರ್ ಕಾರ್ಡಿನಲ್ಲಿ ಓಡುವುದಿಲ್ಲ. ಅದು ಒಂದೇ ಕಡೆಯ ದಾರಿ. ಕೀಬೋರ್ಡ್, ಮೌಸ್ ಎರಡನ್ನೂ ಡೆಸ್ಕ್‌ಟಾಪ್‌ಗೇ ಹಾಕಿ. ನೆಟ್‌ವರ್ಕ್ ದಾರಿಯಲ್ಲಾದರೆ ಟಚ್ ಕೆಲಸ ಮಾಡುತ್ತದೆ. ಆದರೆ ಬೆರಳಿಗೆಂದು ಮಾಡಿರದ ಚಿಕ್ಕ ಬಟನ್‌ಗಳನ್ನು ಒತ್ತುವಾಗ ಸಾಕಪ್ಪಾ ಅನ್ನಿಸುತ್ತದೆ. ಒಂದು ಬ್ಲೂಟೂತ್ ಮೌಸನ್ನು ಟ್ಯಾಬ್ಲೆಟ್‌ಗೆ ಜೋಡಿಸಿಕೊಳ್ಳಿ.

ಎಲ್ಲ ಜೋಡಿಸಿದ್ದೇನೆ, ಆದರೆ ಬಯಾಸ್ ಮಾತ್ರ ಕಾಣುವುದಿಲ್ಲ. ನೇರ ಲಾಗಿನ್ ಸ್ಕ್ರೀನ್ ಬರುತ್ತದೆ.

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಪವರ್ ಬಟನ್ ಒತ್ತುತ್ತೀರಿ, ಫ್ಯಾನ್ ತಿರುಗುತ್ತದೆ, ಟ್ಯಾಬ್ಲೆಟ್ ಕಪ್ಪಗಿರುತ್ತದೆ. ಆ ಹೊತ್ತಿಗೆ ಮದರ್‌ಬೋರ್ಡ್ ತನ್ನ ಲೋಗೋ ತೋರಿಸಿ, ಡಿಲೀಟ್ ಕೀ ಒತ್ತಿದಿರಾ ಅಂತ ಒಂದೆರಡು ಸೆಕೆಂಡ್ ಕಾಯುತ್ತಿರುತ್ತದೆ. ಕ್ಯಾಪ್ಚರ್ ಕಾರ್ಡ್ ಮಾತ್ರ ಇನ್ನೂ ಸಿಗ್ನಲ್ ಹಿಡಿಯುವುದರಲ್ಲೇ ಇರುತ್ತದೆ. ರೆಸಲ್ಯೂಶನ್ ಬದಲಾದಾಗಲೆಲ್ಲ ಅದು ಮೊದಲಿಂದ ಶುರು ಮಾಡಬೇಕು. ಅದು ಚಿತ್ರ ಹಿಡಿಯುವಷ್ಟರಲ್ಲಿ ಲೋಗೋ ಹೋಗಿರುತ್ತದೆ.

ಹಾಗಾಗಿ ಲೋಗೋ ಕಾಣಲಿ ಅಂತ ಕಾಯಬೇಡಿ. ಬಟನ್ ಒತ್ತಿದ ಕ್ಷಣದಿಂದಲೇ ಕತ್ತಲಲ್ಲೇ ಡಿಲೀಟ್ ಕೀಯನ್ನು ಟಕ ಟಕ ಒತ್ತುತ್ತಿರಿ. ಕೆಲವು ಯಂತ್ರಗಳಲ್ಲಿ ಅದು ಎಫ್2 ಇರುತ್ತದೆ. ಬಯಾಸ್ ಒಳಗೆ ಹೋದ ಮೇಲೆ ಚಿತ್ರ ಬದಲಾಗದೆ ಸ್ಥಿರವಾಗಿ ನಿಲ್ಲುತ್ತದೆ, ಆಗ ಕಾರ್ಡ್ ಆರಾಮವಾಗಿ ಹಿಡಿದುಕೊಳ್ಳುತ್ತದೆ. ವಿಂಡೋಸ್ ಓಡುತ್ತಿದ್ದರೆ ಇಷ್ಟು ಕಷ್ಟವೂ ಬೇಡ. ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಕೊಡಿ. ಬರುವ ಮೆನುವಿನಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಅದರೊಳಗೆ ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ಯಂತ್ರ ತಾನಾಗಿಯೇ ಬಯಾಸ್‌ನಲ್ಲಿ ಹೋಗಿ ನಿಲ್ಲುತ್ತದೆ.

ಬಯಾಸ್‌ನಲ್ಲಿ ಹೇಗೂ ಇದ್ದೇನೆ. ಏನೇನು ಬದಲಿಸಲಿ?

ಮೂರು ಕಡೆ ಕೈ ಹಾಕಿ. ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ಆನ್ ಆಗುವ ಸೆಟ್ಟಿಂಗ್ ಇರುತ್ತದೆ, ಹೆಸರು ‘ಎಸಿ ಪವರ್ ಲಾಸ್’ ಅಂತ ಏನಾದರೂ ಇರಬಹುದು. ಅದನ್ನು ಆನ್ ಮಾಡಿ. ಕೀಬೋರ್ಡ್ ಇಲ್ಲದಿದ್ದರೆ ಎಫ್1 ಒತ್ತಿ ಅಂತ ನಿಂತುಬಿಡುವ ಹಳೆಯ ಬೋರ್ಡ್‌ಗಳಲ್ಲಿ ‘ಹಾಲ್ಟ್ ಆನ್’ ಅನ್ನುವುದನ್ನು ‘ನೋ ಎರರ್ಸ್’ ಮಾಡಿ. ಕೀಬೋರ್ಡ್ ಇಲ್ಲ ಅಂತ ಹೇಳಿ, ಕೀ ಒತ್ತಿ ಅನ್ನುವ ಜಾಣತನಕ್ಕೆ ಏನು ಹೇಳುವುದು! ಮೂರನೆಯದು ವೇಕ್ ಆನ್ ಲ್ಯಾನ್. ಇದಿದ್ದರೆ ಟ್ಯಾಬ್ಲೆಟ್‌ನಿಂದಲೇ ಯಂತ್ರವನ್ನು ಎಬ್ಬಿಸಬಹುದು. ಅದಕ್ಕೆ ಡೆಸ್ಕ್‌ಟಾಪ್ ರೂಟರ್‌ಗೆ ಕೇಬಲ್ ಮೂಲಕ ಜೋಡಿಸಿರಬೇಕು. ವೈಫೈಯಲ್ಲಿ ಇದನ್ನು ನಂಬುವ ಹಾಗಿಲ್ಲ.

ನೆಟ್‌ವರ್ಕ್ ದಾರಿಯಲ್ಲಿ ಆರ್‌ಡಿಪಿ, ವಿಎನ್‌ಸಿ, ಮೂನ್‌ಲೈಟ್ ಅಂತೆಲ್ಲ ಇವೆ. ಯಾವುದು ಒಳ್ಳೆಯದು?

ಕೆಲಸದ ಮೇಲೆ ಹೋಗುತ್ತದೆ. ಒಳಗೆ ಇವು ನಡೆಯುವ ರೀತಿಯೇ ಬೇರೆ ಬೇರೆ.

ಆರ್‌ಡಿಪಿ, ಅಂದರೆ ರಿಮೋಟ್ ಡೆಸ್ಕ್‌ಟಾಪ್, ವಿಂಡೋಸಿನದ್ದು. ಇದು ನಿಜವಾದ ಸ್ಕ್ರೀನನ್ನು ನಕಲು ಮಾಡುವುದಿಲ್ಲ, ನಿಮಗಾಗಿ ಒಂದು ಹೊಸ ಸ್ಕ್ರೀನನ್ನೇ ಕಟ್ಟಿಕೊಡುತ್ತದೆ. ಮಾನಿಟರ್ ಇದೆಯೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ರೆಸಲ್ಯೂಶನ್ ಟ್ಯಾಬ್ಲೆಟ್‌ಗೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಅಕ್ಷರಗಳು ಚೊಕ್ಕ, ನೆಟ್ ಖರ್ಚೂ ಕಡಿಮೆ. ಬರೆಯುವುದು, ಎಕ್ಸೆಲ್, ಕೋಡ್ ಇಂಥ ಕೆಲಸಕ್ಕೆ ನನ್ನ ಮೊದಲ ಆಯ್ಕೆ ಇದೇ. ವಿಡಿಯೋ, ಗೇಮ್‌ಗೆ ಅಷ್ಟಕ್ಕಷ್ಟೇ.

ವಿಎನ್‌ಸಿ ಹಳೆಯದು, ಎಲ್ಲ ಕಡೆ ಸಿಗುತ್ತದೆ. ಇದ್ದ ಸ್ಕ್ರೀನನ್ನು ಹಾಗೆಯೇ ತೋರಿಸುತ್ತದೆ. ನಿಧಾನ. ಬೇರೇನೂ ಸಿಗದಿದ್ದಾಗ ಇಟ್ಟುಕೊಳ್ಳಿ.

ಮೂನ್‌ಲೈಟ್ ಗೇಮ್ ಆಡುವವರಿಗೆಂದು ಹುಟ್ಟಿದ್ದು. ಡೆಸ್ಕ್‌ಟಾಪಿನಲ್ಲಿ ಸನ್‌ಶೈನ್ ಅನ್ನುವ ಜೊತೆಗಾರ ಪ್ರೋಗ್ರಾಂ ಓಡುತ್ತದೆ. ಅದು ಗ್ರಾಫಿಕ್ಸ್ ಚಿಪ್ಪಿನ ಸಹಾಯದಿಂದ ಸ್ಕ್ರೀನನ್ನು ವಿಡಿಯೋ ಮಾಡಿ ಕಳಿಸುತ್ತದೆ. ಎರಡೂ ಉಚಿತ. ಮೌಸ್ ಅಲ್ಲಾಡಿಸಿದರೆ ತಡವೇ ಗೊತ್ತಾಗದಷ್ಟು ಚುರುಕು. ವಿಡಿಯೋ ಎಡಿಟಿಂಗ್, ಗೇಮ್, ಚಿತ್ರ ಬಿಡಿಸುವುದು ಇದಕ್ಕೆಲ್ಲ ಇದಕ್ಕೆ ಸಮ ಇನ್ನೊಂದಿಲ್ಲ. ಮಾನಿಟರ್ ಇಲ್ಲದ ಯಂತ್ರದಲ್ಲಿ ಒಂದು ತೊಡಕಿದೆ, ಅದನ್ನು ಕೆಳಗೆ ಹೇಳಿದ್ದೇನೆ.

ಸ್ಪೇಸ್‌ಡೆಸ್ಕ್ ಥರದವು ಟ್ಯಾಬ್ಲೆಟನ್ನು ವಿಂಡೋಸಿಗೆ ಎರಡನೇ ಮಾನಿಟರ್ ಮಾಡಲು ಬಂದವು. ಮೊದಲನೆಯದೇ ಇಲ್ಲದ ಕಡೆ ಅವನ್ನು ನೆಚ್ಚಿಕೊಳ್ಳಬೇಡಿ.

ನನ್ನದು ವಿಂಡೋಸ್ ಹೋಮ್. ಆರ್‌ಡಿಪಿ ಆಗುತ್ತಾ?

ಹೋಮ್ ಆವೃತ್ತಿ ಬೇರೆ ಯಂತ್ರಕ್ಕೆ ಹೋಗಿ ಜೋಡಿಕೊಳ್ಳಬಲ್ಲದು, ತನ್ನೊಳಗೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಪ್ರೊ ಬೇಕು. ಹೋಮ್ ಇದ್ದರೆ ಸನ್‌ಶೈನ್ ಮತ್ತು ಮೂನ್‌ಲೈಟ್ ಹಾಕಿಕೊಳ್ಳಿ.

ಆರ್‌ಡಿಪಿಗೆ ಪಿನ್ ಕೊಟ್ಟರೆ ಒಪ್ಪುತ್ತಿಲ್ಲ.

ಪಿನ್ ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ. ದೂರದಿಂದ ಬರುವವರಿಗೆ ಖಾತೆಯ ಪಾಸ್‌ವರ್ಡ್ ಬೇಕು. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ನೆನಪಿಲ್ಲದಿದ್ದರೆ, ಯಂತ್ರದಲ್ಲಿ ಒಂದು ಲೋಕಲ್ ಖಾತೆ ಮಾಡಿ ಅದಕ್ಕೆ ಪಾಸ್‌ವರ್ಡ್ ಇಡುವುದು ಸುಲಭ.

ಮಾನಿಟರ್ ತೆಗೆದ ತಕ್ಷಣ ಮೂನ್‌ಲೈಟ್ ಕಪ್ಪಾಯಿತು. ಏನಾಯಿತು?

ಮೇಲೆ ಹೇಳಿದ ತೊಡಕು ಇದೇ. ಮಾನಿಟರ್ ಜೋಡಿಸಿದಾಗ ಅದು ಗ್ರಾಫಿಕ್ಸ್ ಕಾರ್ಡಿಗೆ ಒಂದು ಚಿಕ್ಕ ಗುರುತಿನ ಚೀಟಿ ಕೊಡುತ್ತದೆ: ನಾನು ಇಂಥ ಕಂಪನಿಯದ್ದು, ಇಂಥ ರೆಸಲ್ಯೂಶನ್ ತೋರಿಸಬಲ್ಲೆ. ಇದಕ್ಕೆ ಇಡಿಐಡಿ ಅನ್ನುತ್ತಾರೆ, ಮೂಲ ಗಾತ್ರ ಬರೀ 128 ಬೈಟ್. ಚೀಟಿ ಬರದಿದ್ದರೆ ಗ್ರಾಫಿಕ್ಸ್ ಕಾರ್ಡ್ ಚಿತ್ರ ಬಿಡಿಸುವುದನ್ನೇ ನಿಲ್ಲಿಸಬಹುದು, ಅಥವಾ 1024×768ರಂಥ ಚಿಕ್ಕ ಗಾತ್ರಕ್ಕೆ ಇಳಿಯಬಹುದು. ಚಿತ್ರವೇ ಇಲ್ಲದಿದ್ದರೆ ಸನ್‌ಶೈನ್ ಏನನ್ನು ಕಳಿಸಬೇಕು?

ಪರಿಹಾರ ಹೆಬ್ಬೆರಳಿನಷ್ಟು ಗಾತ್ರದ ಡಮ್ಮಿ ಪ್ಲಗ್. ಎಚ್‌ಡಿಎಂಐ ಪೋರ್ಟಿಗೆ ಚುಚ್ಚಿದರೆ ಅದು ನಾನೇ ಮಾನಿಟರ್ ಅಂತ ಸುಳ್ಳು ಹೇಳುತ್ತಾ ಕೂರುತ್ತದೆ. ಕೊಳ್ಳುವಾಗ ನಿಮ್ಮ ಟ್ಯಾಬ್ಲೆಟ್‌ನ ರೆಸಲ್ಯೂಶನ್ ಅದರ ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ. ಪ್ಲಗ್ ಬೇಡ ಅಂದರೆ ವಿಂಡೋಸಿಗೆ ವರ್ಚುವಲ್ ಡಿಸ್‌ಪ್ಲೇ ಡ್ರೈವರ್ ಹಾಕಬಹುದು. ಪ್ಲಗ್ ಕೆಡುವುದು ಅಪರೂಪ, ಡ್ರೈವರ್ ಯಾವುದೋ ಅಪ್‌ಡೇಟ್ ಆದ ಬೆಳಿಗ್ಗೆ ಕೈ ಕೊಡಬಹುದು. ನನ್ನ ಓಟು ಪ್ಲಗ್ಗಿಗೆ.

ಲಿನಕ್ಸ್ ಇದೆ. ಏನು ಮಾಡಲಿ?

ಮೊದಲು ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ವ್ಯವಸ್ಥೆ) ಆನ್ ಮಾಡಿ. ಸರ್ವರ್ ಥರ ಬಳಸುವುದಾದರೆ ಟ್ಯಾಬ್ಲೆಟ್‌ನಲ್ಲಿ ಒಂದು ಟರ್ಮಿನಲ್ ಆ್ಯಪ್ ಇದ್ದರೆ ಮುಗೀತು, ಸ್ಕ್ರೀನಿನ ಗೊಡವೆಯೇ ಬೇಡ. ಡೆಸ್ಕ್‌ಟಾಪ್ ಸ್ಕ್ರೀನೇ ಬೇಕು ಅಂದರೆ, ಲಿನಕ್ಸಿನ ಡೆಸ್ಕ್‌ಟಾಪ್‌ಗಳಲ್ಲಿ ಒಂದಾದ ನೋಮ್‌ನಲ್ಲಿ 2024ರಲ್ಲಿ ಬಂದ 46ನೇ ಆವೃತ್ತಿಯಿಂದ ಯಾರೂ ಲಾಗಿನ್ ಆಗಿರದ ಯಂತ್ರಕ್ಕೂ ಆರ್‌ಡಿಪಿ ಮೂಲಕ ನೇರ ಲಾಗಿನ್ ಆಗಬಹುದು. ಸೆಟ್ಟಿಂಗ್ಸ್‌ನಲ್ಲಿ ‘ರಿಮೋಟ್ ಲಾಗಿನ್’ ಅಂತ ಇರುತ್ತದೆ. ಪಕ್ಕದಲ್ಲೇ ‘ಡೆಸ್ಕ್‌ಟಾಪ್ ಶೇರಿಂಗ್’ ಅಂತ ಇನ್ನೊಂದಿದೆ. ಅದು ಆಗಲೇ ಲಾಗಿನ್ ಆಗಿರುವವರ ಸ್ಕ್ರೀನ್ ಹಂಚಲು, ನಿಮಗೆ ಬೇಕಾದದ್ದು ಅದಲ್ಲ. ಹಳೆಯ ಆವೃತ್ತಿಗಳಿಗೆ ಎಕ್ಸ್‌ಆರ್‌ಡಿಪಿ ಅನ್ನುವ ಆರ್‌ಡಿಪಿ ಸರ್ವರ್ ಇದೆ.

ಮ್ಯಾಕ್ ಮಿನಿ ಮತ್ತು ಐಪ್ಯಾಡ್ ಇದೆ. ಸೈಡ್‌ಕಾರ್ ಸಾಕಲ್ವಾ?

ಐಪ್ಯಾಡನ್ನು ಮ್ಯಾಕ್‌ನ ಸ್ಕ್ರೀನ್ ಮಾಡುವ ಸೈಡ್‌ಕಾರ್ 2019ರ ಮ್ಯಾಕ್‌ಓಎಸ್ ಕ್ಯಾಟಲಿನಾದಿಂದ ಇದೆ, ಚೆನ್ನಾಗಿಯೂ ಇದೆ, ಆದರೆ ಅದು ಲಾಗಿನ್ ಆದ ಮೇಲಿನ ಮಾತು. ಯಂತ್ರ ರೀಸ್ಟಾರ್ಟ್ ಆದರೆ ಲಾಗಿನ್ ಸ್ಕ್ರೀನ್ ಕಾಣದೆ ಪರದಾಡಬೇಕಾಗುತ್ತದೆ. ಸ್ಕ್ರೀನ್ ಶೇರಿಂಗನ್ನು ಮೊದಲೇ ಆನ್ ಮಾಡಿಟ್ಟು, ಐಪ್ಯಾಡ್‌ನಲ್ಲಿ ವಿಎನ್‌ಸಿ ಆ್ಯಪ್ ಕೂಡ ಇಟ್ಟುಕೊಳ್ಳಿ.

ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದೇನೆ. ತೊಂದರೆ ಇದೆಯಾ?

ಇದೆ. ಬೂಟ್ ಆಗುವಾಗ ಪಾಸ್‌ವರ್ಡ್ ಕೇಳುವ ಸ್ಕ್ರೀನ್ ನೆಟ್‌ವರ್ಕ್ ಏಳುವ ಮೊದಲೇ ಬರುತ್ತದೆ. ಕರೆಂಟ್ ಹೋಗಿ ಬಂದರೆ ಯಂತ್ರ ಅಲ್ಲೇ ನಿಂತಿರುತ್ತದೆ, ನಿಮಗೆ ಟ್ಯಾಬ್ಲೆಟ್‌ನಲ್ಲಿ ಏನೂ ಕಾಣುವುದಿಲ್ಲ. ಲಿನಕ್ಸ್‌ನಲ್ಲಿ ಡ್ರಾಪ್‌ಬೇರ್ ಅನ್ನುವ ಚಿಕ್ಕ ಎಸ್‌ಎಸ್‌ಎಚ್ ಸರ್ವರನ್ನು ಬೂಟ್ ಹಂತದಲ್ಲೇ ಓಡಿಸಿ ದೂರದಿಂದ ಪಾಸ್‌ವರ್ಡ್ ಕೊಡಬಹುದು. ಇಲ್ಲದಿದ್ದರೆ ಕೀಬೋರ್ಡ್ ಹಾಕಿ, ಡ್ರಾಯರ್‌ನಿಂದ ಕ್ಯಾಪ್ಚರ್ ಕಾರ್ಡ್ ತೆಗೆದು ಜೋಡಿಸಿ.

ಟ್ಯಾಬ್ಲೆಟ್ ಜೋಡಿಸಲು ಯಂತ್ರದ ಐಪಿ ವಿಳಾಸ ಕೇಳುತ್ತದೆ. ಸ್ಕ್ರೀನೇ ಇಲ್ಲದೆ ಹೇಗೆ ನೋಡಲಿ?

ರೂಟರಿನ ಪುಟ ತೆರೆದರೆ ಜೋಡಿಸಿರುವ ಯಂತ್ರಗಳ ಪಟ್ಟಿ ಸಿಗುತ್ತದೆ. ಅಲ್ಲೇ ನಿಮ್ಮ ಡೆಸ್ಕ್‌ಟಾಪ್‌ಗೆ ಒಂದು ವಿಳಾಸವನ್ನು ಕಾಯಂ ಮಾಡಿಬಿಡಿ. ಇಲ್ಲದಿದ್ದರೆ ಒಂದು ದಿನ ವಿಳಾಸ ಬದಲಾಗಿ, ಯಂತ್ರ ಕೆಟ್ಟಿದೆ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳುತ್ತೀರಿ.

ವೈಫೈ ಇಲ್ಲದ ಕಡೆ?

ಆಂಡ್ರಾಯ್ಡ್ ಟ್ಯಾಬ್ಲೆಟ್ ಆದರೆ ಯುಎಸ್‌ಬಿ ಕೇಬಲ್‌ನಿಂದ ಡೆಸ್ಕ್‌ಟಾಪ್‌ಗೆ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್ನೆಟ್ ಇಲ್ಲದಿದ್ದರೂ ಎರಡರ ನಡುವೆ ಒಂದು ಪುಟ್ಟ ನೆಟ್‌ವರ್ಕ್ ಏರ್ಪಡುತ್ತದೆ. ಆ ಕೇಬಲ್ ಮೇಲೆ ಮೂನ್‌ಲೈಟ್ ಓಡಿಸಿದರೆ ಗದ್ದಲದ ವೈಫೈಗಿಂತ ಸ್ಥಿರವಾಗಿರುತ್ತದೆ. ಕೆಲವು ಟ್ಯಾಬ್ಲೆಟ್‌ಗಳಲ್ಲಿ, ಅದರಲ್ಲೂ ಸಿಮ್ ಇಲ್ಲದವುಗಳಲ್ಲಿ, ಟೆದರಿಂಗ್ ಆಯ್ಕೆಯೇ ಇರುವುದಿಲ್ಲ.

ವೈಫೈ ಇದೆ, ಆದರೂ ಚಿತ್ರ ತಡೆತಡೆದು ಬರುತ್ತದೆ.

ಡೆಸ್ಕ್‌ಟಾಪನ್ನು ರೂಟರ್‌ಗೆ ಕೇಬಲ್‌ನಲ್ಲಿ ಜೋಡಿಸಿ, ಟ್ಯಾಬ್ಲೆಟನ್ನು 5 ಗಿಗಾಹರ್ಟ್ಸ್ ವೈಫೈಗೆ ಹಾಕಿ. ಎರಡೂ ವೈಫೈಯಲ್ಲಿದ್ದರೆ ಪ್ರತಿ ಫ್ರೇಮ್ ಗಾಳಿಯಲ್ಲಿ ಎರಡು ಸಲ ಓಡಾಡಬೇಕು. ಫುಲ್ ಎಚ್‌ಡಿ 60 ಫ್ರೇಮಿಗೆ ಸೆಕೆಂಡಿಗೆ 20 ಮೆಗಾಬಿಟ್ ಸಾಕು. ವೇಗಕ್ಕಿಂತ ಸ್ಥಿರತೆ ಮುಖ್ಯ.

ಎಲ್ಲವೂ ಇರುವೆ ಗಾತ್ರದಲ್ಲಿ ಕಾಣುತ್ತದೆ.

10.9 ಇಂಚಿನ ಐಪ್ಯಾಡ್‌ನಲ್ಲಿ 2360×1640 ಪಿಕ್ಸೆಲ್ ಇವೆ. ಅಷ್ಟನ್ನೂ ಬಳಸಿದರೆ ಮೆನು ಓದಲು ಭೂತಗನ್ನಡಿ ಬೇಕು. ವಿಂಡೋಸ್‌ನ ಸ್ಕೇಲ್ ಸೆಟ್ಟಿಂಗನ್ನು 150 ಅಥವಾ 200 ಪ್ರತಿಶತಕ್ಕೆ ಏರಿಸಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಅದು ದೋಷವಲ್ಲ. ಫುಲ್ ಎಚ್‌ಡಿ 16:9, ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳು ಸಾಮಾನ್ಯವಾಗಿ 16:10, ಐಪ್ಯಾಡ್ ಇನ್ನೂ ಚೌಕ.

ಹೊರಗಿನಿಂದಲೂ ಜೋಡಿಸಬೇಕು. ರೂಟರ್‌ನಲ್ಲಿ ಪೋರ್ಟ್ ತೆರೆಯಲಾ?

ಬೇಡ. ಆರ್‌ಡಿಪಿಯ 3389, ವಿಎನ್‌ಸಿಯ 5900, ಇವೆರಡನ್ನೂ ಇಂಟರ್ನೆಟ್‌ಗೆ ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಬಾಗಿಲು ಬಡಿಯಲು ಶುರು ಮಾಡುತ್ತವೆ. ಹಳೆಯ ಬಗೆಯ ವಿಎನ್‌ಸಿಯಲ್ಲಂತೂ ಪಾಸ್‌ವರ್ಡಿನ ಮೊದಲ 8 ಅಕ್ಷರ ಮಾತ್ರ ಲೆಕ್ಕಕ್ಕೆ ಬರುತ್ತವೆ. ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಥರದ ವಿಪಿಎನ್ (ನಿಮ್ಮದೇ ಖಾಸಗಿ ಸುರಂಗ) ಹಾಕಿಕೊಂಡು ಅದರೊಳಗಿನಿಂದ ಹೋಗಿ.

ದೂರದಿಂದಲೇ ಬಯಾಸ್ ಕೂಡ ನೋಡಬೇಕು ಅಂದರೆ?

ಅದಕ್ಕೆ ಐಪಿ ಕೆವಿಎಂ ಅನ್ನುವ ಸಾಧನ ಇದೆ. ಪೈಕೆವಿಎಂ, ಜೆಟ್‌ಕೆವಿಎಂ, ನ್ಯಾನೋಕೆವಿಎಂ ಇವೆಲ್ಲ ಇದೇ ಜಾತಿ. ಒಳಗೆ ಕ್ಯಾಪ್ಚರ್ ಕೆಲಸವೂ ಇದೆ, ಡೆಸ್ಕ್‌ಟಾಪ್‌ಗೆ ಯುಎಸ್‌ಬಿ ಕೀಬೋರ್ಡ್ ಥರ ಕಾಣುವ ವ್ಯವಸ್ಥೆಯೂ ಇದೆ. ಟ್ಯಾಬ್ಲೆಟ್‌ನಲ್ಲಿ ಬ್ರೌಸರ್ ತೆರೆದರೆ ಬಯಾಸ್ ಕಾಣುತ್ತದೆ, ಕೀಗಳನ್ನೂ ಒತ್ತಬಹುದು. ಮೇಲೆ ಹೇಳಿದ ಎರಡು ದಾರಿಗಳೂ ಒಂದೇ ಡಬ್ಬಿಯಲ್ಲಿ ಸಿಕ್ಕ ಹಾಗೆ. ಒಂದೇ ಒಂದು ಡೆಸ್ಕ್‌ಟಾಪ್ ಪಕ್ಕದಲ್ಲೇ ಇರುವವರಿಗೆ ಇದು ಜಾಸ್ತಿಯಾಯಿತು.

ಇಷ್ಟೆಲ್ಲ ಸರ್ಕಸ್ ಯಾಕೆ? ಒಂದು ಮಾನಿಟರ್ ಕೊಂಡರೆ ಆಗಲ್ವಾ?

ದಿನಕ್ಕೆ ಎಂಟು ಗಂಟೆ ಆ ಯಂತ್ರದ ಮುಂದೆ ಕೂರುವವರಾದರೆ ಕೊಳ್ಳಿ, ಕಣ್ಣು ಕತ್ತು ಎರಡೂ ಉಳಿಯುತ್ತವೆ. ಟ್ಯಾಬ್ಲೆಟ್ ದಾರಿ ಇರುವುದು ಜಾಗ ಇಲ್ಲದವರಿಗೆ, ಯಂತ್ರವನ್ನು ಸರ್ವರ್ ಥರ ಇಟ್ಟವರಿಗೆ, ಸೋಫಾ ಮೇಲೆ ಕೂತು ಕೆಲಸ ಮಾಡುವವರಿಗೆ.

ಟ್ಯಾಬ್ಲೆಟನ್ನು ಸದಾ ಚಾರ್ಜ್‌ಗೆ ಹಾಕಿಟ್ಟರೆ ಬ್ಯಾಟರಿ ಹಾಳಾಗಲ್ವಾ?

ನೂರರಲ್ಲೇ ನಿಂತು ಬಿಸಿಯಾಗುತ್ತಿದ್ದರೆ ಬೇಗ ಸವೆಯುತ್ತದೆ. ಚಾರ್ಜನ್ನು 80 ಪ್ರತಿಶತಕ್ಕೆ ನಿಲ್ಲಿಸುವ ಆಯ್ಕೆ ಈಗ ಹಲವು ಟ್ಯಾಬ್ಲೆಟ್‌ಗಳಲ್ಲಿದೆ, ಆನ್ ಮಾಡಿ. ಕ್ಯಾಪ್ಚರ್ ಕಾರ್ಡ್ ಒಂದೇ ಪೋರ್ಟನ್ನು ಹಿಡಿದುಕೊಂಡರೆ ಚಾರ್ಜಿಂಗ್ ಪೋರ್ಟ್ ಇರುವ ಯುಎಸ್‌ಬಿ-ಸಿ ಹಬ್ ಬೇಕಾಗುತ್ತದೆ. ಬ್ಯಾಟರಿ ಉಬ್ಬಿ ಸ್ಕ್ರೀನ್ ಅಂಚು ಮೇಲೆದ್ದಿದ್ದರೆ ಆ ಟ್ಯಾಬ್ಲೆಟನ್ನು ಬಳಸಲೇಬೇಡಿ.

ಹಳೆಯ, ಅಪ್‌ಡೇಟ್ ನಿಂತ ಟ್ಯಾಬ್ಲೆಟ್ ಸಾಕಾ?

ಆರ್‌ಡಿಪಿ, ವಿಎನ್‌ಸಿಗೆ ಸಾಕು, ಆ್ಯಪ್ ಇನ್‌ಸ್ಟಾಲ್ ಆಗುವಷ್ಟು ಹೊಸದಾಗಿದ್ದರೆ. ಮೂನ್‌ಲೈಟ್‌ನಲ್ಲಿ ತಡೆತಡೆದು ಬಂದರೆ ಎಚ್‌.264 ಅನ್ನುವ ವಿಡಿಯೋ ಬಗೆಯನ್ನು ಆರಿಸಿ 720ಪಿಗೆ ಇಳಿಸಿ ನೋಡಿ. ಮೈಕ್ರೋ ಯುಎಸ್‌ಬಿ ಇರುವಂಥದ್ದಾದರೆ ಕ್ಯಾಪ್ಚರ್ ಕಾರ್ಡ್ ಕೊಳ್ಳುವ ಮೊದಲು ಒಂದು ಓಟಿಜಿ ಅಡಾಪ್ಟರ್‌ನಲ್ಲಿ ಮಾಮೂಲಿ ವೆಬ್‌ಕ್ಯಾಮ್ ಹಾಕಿ, ಯುಎಸ್‌ಬಿ ಕ್ಯಾಮೆರಾ ಆ್ಯಪ್‌ನಲ್ಲಿ ಚಿತ್ರ ಬರುತ್ತದಾ ನೋಡಿ. ವೆಬ್‌ಕ್ಯಾಮ್ ಕಂಡರೆ ಕಾರ್ಡ್ ಕೂಡ ಕಾಣುವ ಸಾಧ್ಯತೆ ಹೆಚ್ಚು.